ನಡುವಯಸ್ಸಿನ ರಂಗಕರ್ಮಿಯ ಬಿನ್ನಹ

ಬಿನ್ನಹ ಎಂಬ ಮಾತು ಕನ್ನಡದಲ್ಲಿ ಬಹಳ ಹಳೆಯದು. ಸಂಸ್ಕೃತದ ವಿಜ್ಞಾಪನೆ ನಮ್ಮವರ ಬಾಯಲ್ಲಿ ಸವೆದು ಬಿನ್ನಪವಾಯಿತು, ಬಿನ್ನಹವಾಯಿತು. ದೇವರ ಮುಂದೆ ಭಕ್ತನೂ ದೊರೆಯ ಮುಂದೆ ಪ್ರಜೆಯೂ ಮಾಡಿಕೊಂಡದ್ದು ಬಿನ್ನಹವನ್ನೇ. ನಾಟಕದವನೂ ಮಾಡಿಕೊಂಡಿದ್ದಾನೆ. ಆದರೆ ನಾಟಕದ ಚರಿತ್ರೆಯನ್ನು ಹೇಳುವಾಗ ನಾವು ಕೃತಿಯ ಮಾತನ್ನಾಡುತ್ತೇವೆ, ಪ್ರಯೋಗದ ಮಾತನ್ನಾಡುತ್ತೇವೆ; ಆ ಕೃತಿಯನ್ನು ಬರೆಯುತ್ತಿದ್ದಾಗ ಕರ್ತೃವಿನ ಮನೆಗೆ ಅಕ್ಕಿ ಎಲ್ಲಿಂದ ಬರುತ್ತಿತ್ತು ಎಂದು ಕೇಳುವುದು ಕಡಮೆ. ಈ ಭಾಷಣದಲ್ಲಿ ನಾನು ಹಿಡಿಯಹೊರಟಿರುವುದು ಆ ಅಕ್ಕಿಯ ಎಳೆಯನ್ನು.

ಮೈಸೂರಿನಲ್ಲಿ 1880ರ ದಶಕದಲ್ಲಿ ಚಾಮರಾಜ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಬೆಳೆಯಿತು. ಅದಕ್ಕಾಗಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು, ಅಭಿನವ ಕಾಳಿದಾಸರೆನಿಸಿದರು. ಇತ್ತ ಗುಬ್ಬಿಯಲ್ಲಿ 1884ರಲ್ಲಿ ಒಂದು ಮಂಡಳಿ ಕಣ್ಣು ಬಿಟ್ಟಿತು. ಮುಂದೆ ವೀರಣ್ಣನವರ ಕೈಯಲ್ಲಿ ಅದು ಊರೂರು ತಿರುಗುವ ಮಹಾ ಸಂಸಾರವಾಯಿತು. ಅರಮನೆಯಲ್ಲಿ ದೊರೆ ಮೆಚ್ಚಬೇಕು. ಕಂಪನಿಯಲ್ಲಿ ಟಿಕೀಟು ಕೊಂಡವನು ಮೆಚ್ಚಬೇಕು. ಎರಡು ಕಡೆಯೂ ಮೆಚ್ಚುಗೆ ಆಯಾ ರಾತ್ರಿಯ ಆಟದ ಮೇಲೆ ತೀರ್ಮಾನವಾಗುತ್ತಿತ್ತು. ‘ಇನ್ನೆರಡು ವರ್ಷ ಏನು ಮಾಡುತ್ತೀರಿ, ಬರೆದುಕೊಡಿ’ ಎಂದು ನಟನನ್ನಾಗಲಿ ನಾಟಕಕಾರನನ್ನಾಗಲಿ ದೊರೆಯೂ ಕೇಳಲಿಲ್ಲ, ಗ್ಯಾಲರಿಯ ಪ್ರೇಕ್ಷಕನೂ ಕೇಳಲಿಲ್ಲ. ಆ ಪ್ರಶ್ನೆ ಇಪ್ಪತ್ತನೆಯ ಶತಮಾನದ್ದು. ಅದರ ಹೆಸರು ಫೆಲೋಶಿಪ್.

ಈ ಮಾತಿಗೆ ಕನ್ನಡದಲ್ಲಿ ಒಪ್ಪುವ ಪದವೊಂದು ಇನ್ನೂ ಹುಟ್ಟಿಲ್ಲವೆಂಬುದು ನನ್ನ ಸಣ್ಣ ತಕರಾರು. ಶಿಷ್ಯವೇತನ ಎನ್ನುವವರಿದ್ದಾರೆ. ನಲವತ್ತೈದು ದಾಟಿ, ಹತ್ತಾರು ನಾಟಕಗಳನ್ನು ಆಡಿಸಿ, ತಾನೇ ನಾಲ್ಕು ಜನ ಶಿಷ್ಯರನ್ನು ಸಾಕಿದವನಿಗೆ ಶಿಷ್ಯವೇತನ! ಮೇಲಾಗಿ ಈ ಒಂದೇ ಪದ ಎರಡು ಬೇರೆ ಸಂಗತಿಗಳನ್ನು ಹೊತ್ತಿದೆ. 1953ರಲ್ಲಿ ಹುಟ್ಟಿದ ಸಂಗೀತ ನಾಟಕ ಅಕಾಡೆಮಿ ಕೊಡುವ ಫೆಲೋಶಿಪ್ ಒಂದು ಗೌರವ. ಬಾಳಿನ ಬಹುಭಾಗ ದುಡಿದು ಮುಗಿಸಿದವರ ಕೊರಳಿಗೆ ಹಾಕುವ ಹಾರ. ನಾನು ಹೇಳುತ್ತಿರುವುದು ಅದಲ್ಲ. ದಾರಿಯ ನಡುವೆ, ಹಿಂದಿನದು ಸಾಕೆನಿಸಿ ಮುಂದಿನದು ಕಾಣದೆ ನಿಂತವನಿಗೆ ಒಂದೆರಡು ವರ್ಷದ ಬಿಡುವನ್ನು ಕೊಂಡುಕೊಡುವ ಹಣದ ಮಾತು ಇದು.

ಇಂಥ ವ್ಯವಸ್ಥೆಗೆ ಒಂದು ದೊಡ್ಡ ಮಾದರಿ ಸಿದ್ಧವಾದದ್ದು ಅಮೆರಿಕದಲ್ಲಿ. ಸೆನೆಟರ್ ಸೈಮನ್ ಗುಗ್ಗನ್‌ಹೈಮ್ ದಂಪತಿಗಳ ಮಗ ಕಾಲೇಜಿಗೆ ಹೊರಡುವ ವಯಸ್ಸಿನಲ್ಲಿ, 1922ರಲ್ಲಿ, ತೀರಿಕೊಂಡ. ಅವನ ಹೆಸರಿನಲ್ಲಿ ಅವರು 1925ರಲ್ಲಿ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಮರುವರ್ಷವೇ ಅದರ ನೆರವು ಪಡೆದವರಲ್ಲಿ ಹ್ಯಾಲಿ ಫ್ಲ್ಯಾನಗನ್ ಎಂಬ ಮಹಿಳೆ ಇದ್ದರು. ಆಗ ಅವರಿಗೆ ಮೂವತ್ತಾರು ವರ್ಷ. ಗಂಡನನ್ನೂ ಹಿರಿಯ ಮಗನನ್ನೂ ಕಳೆದುಕೊಂಡು, ಕಾಲೇಜಿನಲ್ಲಿ ನಾಟಕ ಕಲಿಸುತ್ತಿದ್ದ ಅಧ್ಯಾಪಕಿ. ಆ ಹಣದಲ್ಲಿ ಯೂರೋಪಿನ ರಂಗಭೂಮಿಗಳನ್ನು ಸುತ್ತಿದರು, ರಷ್ಯಕ್ಕೂ ಹೋದರು, ಕಂಡದ್ದನ್ನು 1928ರಲ್ಲಿ ಪುಸ್ತಕ ಮಾಡಿದರು. ಲೆಕ್ಕಪುಸ್ತಕದ ಪ್ರಕಾರ ಕೆಲಸ ಅಲ್ಲಿಗೆ ಮುಗಿಯಿತು. ಆದರೆ 1935ರಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ನಿರುದ್ಯೋಗಿ ನಟರಿಗೆ ಕೆಲಸ ಕೊಡಲು ಅಮೆರಿಕದ ಸರ್ಕಾರ ಫೆಡರಲ್ ಥಿಯೇಟರ್ ಎಂಬ ಯೋಜನೆಯನ್ನು ಹೂಡಿದಾಗ ಅದರ ನಿರ್ದೇಶಕರಾಗಿ ಬಂದವರು ಇದೇ ಫ್ಲ್ಯಾನಗನ್. ಹನ್ನೆರಡು ಸಾವಿರಕ್ಕೂ ಮಿಕ್ಕಿದ ಜನ ಅದರಲ್ಲಿ ದುಡಿದರು. ದಿನಪತ್ರಿಕೆಯ ಸುದ್ದಿಯನ್ನೇ ರಂಗಕ್ಕೆ ತಂದ ‘ಜೀವಂತ ಪತ್ರಿಕೆ’ಯ ಪ್ರಯೋಗಗಳಲ್ಲಿ ಅವರು ರಷ್ಯದಲ್ಲಿ ಕಂಡಿದ್ದರ ನೆರಳಿತ್ತು. 1939ರಲ್ಲಿ ಕಾಂಗ್ರೆಸ್ಸು ಹಣ ನಿಲ್ಲಿಸಿ ಆ ಯೋಜನೆಯನ್ನು ಮುಚ್ಚಿತು. ಅದು ಬೇರೆಯ ಕಥೆ. ಹತ್ತು ವರ್ಷದ ಮೇಲೆ ಹೀಗೊಂದು ಕೆಲಸ ತನಗೆ ಒದಗುತ್ತದೆಂದು 1926ರ ಅರ್ಜಿಯಲ್ಲಿ ಯಾರು ತಾನೆ ಬರೆಯಬಲ್ಲರು?

ನಮ್ಮ ದೇಶಕ್ಕೆ ಬರೋಣ. ಹೋಮಿ ಭಾಭಾ ಅವರು 1966ರ ಜನವರಿಯಲ್ಲಿ ವಿಮಾನಾಪಘಾತದಲ್ಲಿ ಮಡಿದ ಮೇಲೆ ಅವರ ಹೆಸರಿನಲ್ಲಿ ಒಂದು ಫೆಲೋಶಿಪ್ ಏರ್ಪಟ್ಟಿತು. ಹೆಸರು ವಿಜ್ಞಾನಿಯದಾದರೂ ಬಾಗಿಲು ಕಲಾವಿದರಿಗೂ ತೆರೆದಿತ್ತು. ನೆಹರೂ ಸ್ಮಾರಕ ನಿಧಿಯ ಫೆಲೋಶಿಪ್ ಇನ್ನೊಂದು. ಈ ಎರಡು ನಿಧಿಗಳಿಂದ 1970ರಿಂದೀಚೆಗೆ ನಾಲ್ಕೈದು ವರ್ಷಗಳೊಳಗೆ ಮೂವರು ನಾಟಕಕಾರರು ನೆರವು ಪಡೆದರು: ಗಿರೀಶ ಕಾರ್ನಾಡ, ಬಾದಲ್ ಸರ್ಕಾರ್, ವಿಜಯ ತೆಂಡೂಲ್ಕರ್. ಮೂವರೂ ಆಗಲೇ ಹೆಸರಾದವರು. ಮೂವರೂ ಒಂದೊಂದು ತಿರುವಿನಲ್ಲಿ ನಿಂತಿದ್ದವರು.

ಕಾರ್ನಾಡರು ಆಕ್ಸ್‌ಫರ್ಡಿನಲ್ಲಿ ಓದು ಮುಗಿಸಿ 1963ರಲ್ಲಿ ಮದರಾಸಿಗೆ ಬಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿ ಕೆಲಸಕ್ಕೆ ಸೇರಿದ್ದರು. ‘ಯಯಾತಿ’ 1961ರದು, ‘ತುಘಲಕ್’ 1964ರದು. 1970ರಲ್ಲಿ ಅವರು ಆ ಕೆಲಸವನ್ನು ಬಿಟ್ಟರು. ಅದೇ ವರ್ಷ ಭಾಭಾ ಫೆಲೋಶಿಪ್ ದೊರೆಯಿತು. ಒಳ್ಳೆಯ ಸಂಬಳದ ಕೆಲಸ ಬಿಟ್ಟ ಮೂವತ್ತೆರಡರ ಲೇಖಕನಿಗೆ ಎರಡು ವರ್ಷದ ಅಭಯ ಎಂದರೆ ಎಷ್ಟು, ಎಂಬುದು ಆ ವಯಸ್ಸಿನಲ್ಲಿ ಕೆಲಸ ಬಿಡಲು ಹವಣಿಸಿದವರಿಗೆಲ್ಲ ಗೊತ್ತು. ಫೆಲೋಶಿಪ್ಪಿನ ವಿಷಯ ಜಾನಪದ ರಂಗಭೂಮಿ. 1971ರಲ್ಲಿ ‘ಹಯವದನ’ ಬಂತು. ಭಾಗವತ, ಅರೆತೆರೆ, ಗಣಪತಿ ಪೂಜೆ, ಮುಖವಾಡ ಎಲ್ಲವೂ ಅದರಲ್ಲಿವೆ. ಆದರೆ ಅದನ್ನು ಜಾನಪದ ರಂಗಭೂಮಿಯ ಅಧ್ಯಯನ ಎನ್ನಲಾದೀತೆ? ಕಥೆ ಕಥಾಸರಿತ್ಸಾಗರದ್ದು, ಅದೂ ಥಾಮಸ್ ಮಾನ್‌ನ ಕೈದಾಟಿ ಬಂದದ್ದು. ರಂಗದಲ್ಲಿ ಮುಖವಾಡಕ್ಕೆ ಅರ್ಥವೇನು ಎಂದು ಬಿ. ವಿ. ಕಾರಂತರೊಡನೆ ನಡೆದ ವಾದದ ನಡುವೆ ನಾಟಕ ತಮ್ಮ ತಲೆಯಲ್ಲಿ ರೂಪುಗೊಂಡಿತೆಂದು ಕಾರ್ನಾಡರೇ ಹೇಳಿದ್ದಾರೆ. ಗೆಳೆಯನೊಡನೆ ವಾದ ಮಾಡುವುದಕ್ಕೆ ಯಾವ ನಿಧಿಯೂ ಹಣ ಮಂಜೂರು ಮಾಡುವುದಿಲ್ಲ. ವಾದ ಮಾಡಲು ಬಿಡುವಿರುವಂತೆ ಮಾಡಬಲ್ಲದು, ಅಷ್ಟೆ.

ಅದು ಮತ್ತೊಮ್ಮೆ ನಡೆಯಿತು. 1987ರಲ್ಲಿ, ಐವತ್ತರ ಅಂಚಿನಲ್ಲಿ, ಕಾರ್ನಾಡರು ಫುಲ್‌ಬ್ರೈಟ್ ನೆರವಿನಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಹೋದರು. ಎ. ಕೆ. ರಾಮಾನುಜನ್ ಅಲ್ಲಿದ್ದರು. ಅಜ್ಜಿಯರು ಹೇಳುವ ಕಥೆಗಳಲ್ಲಿ ಎರಡನ್ನು ಅವರು ಹೇಳಿದರು, ‘ನಾಗಮಂಡಲ’ ಹುಟ್ಟಿತು. ಕನ್ನಡದ ಅಡುಗೆಮನೆಯ ಕಥೆ ಕನ್ನಡದ ನಾಟಕಕಾರನಿಗೆ ದೊರೆಯಲು ಷಿಕಾಗೋವರೆಗೆ ಹೋಗಬೇಕಾಯಿತೆ ಎಂದು ನಗಬಹುದು. ನಗುವಂಥದೇ ಸರಿ. ಆದರೆ ಊರಿನಲ್ಲಿದ್ದಿದ್ದರೆ ಸಿನಿಮಾದ ಕೆಲಸ, ಸಮಿತಿಗಳ ಕೆಲಸ ಬಿಟ್ಟು ಕೂತು ಕಥೆ ಕೇಳಲು ಅವರಿಗೆ ಪುರುಸೊತ್ತು ಸಿಗುತ್ತಿತ್ತೆ ಎಂಬುದನ್ನೂ ಯೋಚಿಸಬೇಕು.

ಬಾದಲ್ ಸರ್ಕಾರರದು ಇದಕ್ಕಿಂತ ವಿಚಿತ್ರವಾದ ಕಥೆ. ನನ್ನ ಮಟ್ಟಿಗೆ ಈ ಮೂರರಲ್ಲಿ ಅದೇ ದೊಡ್ಡದು. ಅವರು 1925ರಲ್ಲಿ ಹುಟ್ಟಿದವರು, ಶಿಬಪುರದಲ್ಲಿ ಕಲಿತ ಸಿವಿಲ್ ಎಂಜಿನಿಯರು. ನಗರಯೋಜನೆ ಅವರ ವೃತ್ತಿ. ಅದಕ್ಕಾಗಿ ನೈಜೀರಿಯದವರೆಗೂ ಹೋಗಿ ದುಡಿದರು. ನಕ್ಷೆ ಬರೆದ ಕೈಯಲ್ಲೇ 1963ರಲ್ಲಿ ‘ಏವಂ ಇಂದ್ರಜಿತ್’ ಬರೆದರು. ದೇಶದ ಹವ್ಯಾಸಿ ತಂಡಗಳೆಲ್ಲ ಅದನ್ನು ಎತ್ತಿಕೊಂಡವು. ಇಂಗ್ಲಿಷಿಗೆ ಅದನ್ನು ತಂದವರು ನಮ್ಮ ಕಾರ್ನಾಡರೇ, 1974ರಲ್ಲಿ. ಇಷ್ಟಾಗಿ, ಯಶಸ್ಸು ಬಂದ ರಂಗಮಂದಿರದಲ್ಲೇ ಸರ್ಕಾರರಿಗೆ ಉಸಿರು ಕಟ್ಟತೊಡಗಿತ್ತು. ಮೂರು ಗೋಡೆ, ಒಂದು ಪರದೆ, ಬಾಡಿಗೆಯ ದೀಪ, ಕತ್ತಲಲ್ಲಿ ಕೂತ ಪ್ರೇಕ್ಷಕ: ಇವು ಏಕೆ ಬೇಕು? ಹಳ್ಳಿಯ ಆಟಕ್ಕೆ ಜೀವವಿದೆ, ಆದರೆ ಅದರ ಮಾತು ಹಳೆಯದು. ನಗರದ ನಾಟಕಕ್ಕೆ ಹೊಸ ಮಾತಿದೆ, ಆದರೆ ಜನವಿಲ್ಲ. ಈ ಎರಡರ ಆಚೆಗೆ ಮೂರನೆಯದೊಂದು ಸಾಧ್ಯವೆ?

1971ರಲ್ಲಿ ನೆಹರೂ ಫೆಲೋಶಿಪ್ ದೊರೆತಾಗ ಅವರಿಗೆ ನಲವತ್ತಾರು. ಯೋಜನೆಗೆ ಕೊಟ್ಟ ಹೆಸರನ್ನು ಕನ್ನಡಿಸಿದರೆ ಹೀಗಾದೀತು: ಹಳ್ಳಿಗೂ ನಗರಕ್ಕೂ ಕೊಂಡಿಯಾಗುವ ಸಮನ್ವಯ ರಂಗಭೂಮಿಗಾಗಿ ಒಂದು ಕಮ್ಮಟ. ಅರ್ಜಿ ಬರೆಯಹೊರಟವರು ಈ ಒಂದು ಸಾಲನ್ನು ನಿಧಾನವಾಗಿ ನೋಡಬೇಕು. ಇದರಲ್ಲಿ ಫಲದ ಭರವಸೆಯಿಲ್ಲ. ‘ಕಮ್ಮಟ’ ಎಂಬ ಕೆಲಸದ ಮಾತಿದೆ. ಟಂಕಸಾಲೆಯಲ್ಲಿ ನಾಣ್ಯ ಅಚ್ಚಾಗುವ ಮೊದಲು ಲೋಹ ಕಾಯಬೇಕು. ಕಾಯಿಸುವುದಕ್ಕೆ ಅಪ್ಪಣೆ ಕೊಡಿ ಎಂದಷ್ಟೇ ಸರ್ಕಾರರ ಸಾಲು ಹೇಳುತ್ತದೆ.

1972ರಲ್ಲಿ ಅಮೆರಿಕಕ್ಕೆ ಹೋಗಿ ರಿಚರ್ಡ್ ಶೆಕ್ನರ್ ಮೊದಲಾದವರ ಕೆಲಸವನ್ನು ಕಂಡರು. ಅದೇ ವರ್ಷ ಕಲ್ಕತ್ತೆಯಲ್ಲಿ ಅವರ ‘ಶತಾಬ್ದಿ’ ತಂಡ ‘ಸ್ಪಾರ್ಟಕಸ್’ ನಾಟಕವನ್ನು ವೇದಿಕೆಯಿಲ್ಲದ ಒಂದು ಕೋಣೆಯಲ್ಲಿ, ನಟರ ಸುತ್ತ ಪ್ರೇಕ್ಷಕರನ್ನು ಕೂರಿಸಿ ಆಡಿತು. ಅಂಗನಮಂಚ ಎಂದು ಅದಕ್ಕೆ ಹೆಸರು. ನಮ್ಮ ಅಂಗಳದ ಆಟ ಎನ್ನಿ. ಆಮೇಲೆ ಕೋಣೆಯೂ ಬೇಡವಾಯಿತು. ಕರ್ಜನ್ ಪಾರ್ಕಿನ ಹುಲ್ಲಿನ ಮೇಲೆ ಆಡಿದರು. ಟಿಕೀಟಿಲ್ಲ, ಕೊಡುವುದು ಬಿಡುವುದು ನೋಡಿದವನ ಇಷ್ಟ. 1974ರಲ್ಲಿ ‘ಮಿಛಿಲ್’, 1976ರಲ್ಲಿ ‘ಭೋಮಾ’ ಬಂದವು. ದೀಪ, ಪರದೆ, ಪ್ರಸಾಧನ ಒಂದೊಂದಾಗಿ ಉದುರಿ ನಟನ ಮೈ ಮತ್ತು ದನಿ ಮಾತ್ರ ಉಳಿದವು. 1978ರಲ್ಲಿ ‘ದಿ ಥರ್ಡ್ ಥಿಯೇಟರ್’ ಎಂಬ ಸಣ್ಣ ಪುಸ್ತಕ ಹೊರಬಂತು.

ಇದರ ಸೊಗಸನ್ನು ಗಮನಿಸಿರಿ. ಒಂದು ನಿಧಿ ಹಣ ಕೊಟ್ಟಿತು. ಹಣ ಪಡೆದವನು ಆ ಅವಧಿಯಲ್ಲಿ ಹಣವೇ ಬೇಡದ ರಂಗಭೂಮಿಯೊಂದನ್ನು ಕಂಡುಕೊಂಡ. ಸರ್ಕಾರರು ತೀರಿಕೊಂಡದ್ದು 2011ರಲ್ಲಿ. ಅದಕ್ಕೆ ಸ್ವಲ್ಪ ಮುಂಚೆ ಬಂದ ಪದ್ಮಭೂಷಣವನ್ನು ಅವರು ಒಲ್ಲೆನೆಂದರು.

ತೆಂಡೂಲ್ಕರರ ವಿಷಯವನ್ನು ಚಿಕ್ಕದಾಗಿ ಹೇಳುತ್ತೇನೆ. ಅವರು ನೆಹರೂ ಫೆಲೋಶಿಪ್ಪಿಗೆ ಎತ್ತಿಕೊಂಡದ್ದು ಸಮಾಜದಲ್ಲಿ ಬೆಳೆಯುತ್ತಿರುವ ಹಿಂಸೆಯ ಬಗೆಯನ್ನು. ಆದರೆ ಹಿಂಸೆಯನ್ನು ಕುರಿತ ಅವರ ಬಹು ಚರ್ಚಿತ ನಾಟಕಗಳು, ‘ಸಖಾರಾಮ್ ಬೈಂಡರ್’ ಮತ್ತು ‘ಘಾಶೀರಾಮ್ ಕೋತ್ವಾಲ್’, 1972ರಲ್ಲೇ ರಂಗಕ್ಕೆ ಬಂದಿದ್ದವು. ಫೆಲೋಶಿಪ್ ಬಂದದ್ದು ಆಮೇಲೆ, 1973ರಲ್ಲಿ. ಬರೆದು ಮುಗಿಸಿದ್ದರ ಬೇರನ್ನು ಹುಡುಕಿಕೊಂಡು ಅವರು ದೇಶ ಸುತ್ತಿದರು. ಆ ಸುತ್ತಾಟದ ಸಾರ ಆನಂತರದ ಚಿತ್ರಕಥೆಗಳಿಗೆ ಇಳಿದಿರಬೇಕೆಂದು ನನ್ನ ಊಹೆ: 1975ರ ‘ನಿಶಾಂತ್’, 1980ರ ‘ಆಕ್ರೋಶ್’, 1983ರ ‘ಅರ್ಧಸತ್ಯ’ ಇವುಗಳಿಗೆ.

ಈಗ ನಮ್ಮ ಕಾಲದ ಅರ್ಜಿಗೆ ಬರಬಹುದು. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ಪುಗಳಲ್ಲಿ ನಲವತ್ತರೊಳಗಿನವರಿಗೆ ಕಿರಿಯ ವಿಭಾಗ, ಮೇಲಿನವರಿಗೆ ಹಿರಿಯ ವಿಭಾಗ. ಇತ್ತೀಚಿನ ವರ್ಷಗಳಲ್ಲಿ ಕಿರಿಯರಿಗೆ ತಿಂಗಳಿಗೆ 10,000, ಹಿರಿಯರಿಗೆ 20,000 ರೂಪಾಯಿ, ಎರಡು ವರ್ಷ. ಸಂಸಾರ ಹೊತ್ತ ನಡುವಯಸ್ಸಿನವನಿಗೆ ಇದು ದೊಡ್ಡ ಮೊತ್ತವಲ್ಲ, ನಿಜ. ಆದರೂ ನನ್ನ ಚಿಂತೆ ಮೊತ್ತದ ಮೇಲಿನದಲ್ಲ. ಇಂಥ ಅರ್ಜಿಗಳು ಸಾಮಾನ್ಯವಾಗಿ ಕೇಳುವುದು ಯೋಜನೆಯ ವಿವರ, ವಿಧಾನ, ಫಲಿತಾಂಶ. ಕೇಳುವ ಭಾಷೆ ಸಂಶೋಧಕನದು; ವಿಶ್ವವಿದ್ಯಾನಿಲಯದಲ್ಲಿ ಪಳಗಿದವನು ಅದನ್ನು ಒಂದು ಸಂಜೆಯಲ್ಲಿ ತುಂಬಿಬಿಡುತ್ತಾನೆ. ಮೂವತ್ತು ವರ್ಷ ಬೆಳಕು ಬಿಟ್ಟವನು, ಬಣ್ಣ ಹಚ್ಚಿದವನು, ಹಾರ್ಮೋನಿಯಂ ನುಡಿಸಿದವನು ‘ವಿಧಾನ’ ಎಂಬ ಅಂಕಣದ ಮುಂದೆ ಪೆನ್ನು ಹಿಡಿದು ಕೂತಿರುತ್ತಾನೆ. ಅವನ ವಿಧಾನವೆಲ್ಲ ಬೆರಳಿನಲ್ಲಿದೆ. ಅದನ್ನು ಬೇರೊಬ್ಬರಿಂದ ಬರೆಸಿದರೆ ಅರ್ಜಿಗೆ ಅಂದ ಬರುತ್ತದೆ, ಆದರೆ ಅವನೇ ಅದರಿಂದ ಮಾಯವಾಗುತ್ತಾನೆ. ‘ಭಾರತೀಯ ರಂಗಭೂಮಿಯ ಸಮಗ್ರ ಸ್ವರೂಪ’ ಎಂಬಂಥ ಶೀರ್ಷಿಕೆಗಳು ಹುಟ್ಟುವುದು ಹೀಗೆಯೇ. ಪೆಟ್ರೋಮ್ಯಾಕ್ಸ್ ಬೆಳಕಿನಿಂದ ವಿದ್ಯುದ್ದೀಪಕ್ಕೆ ಬಂದಾಗ ನಟನ ಮುಖದ ಬಣ್ಣ ಹೇಗೆ ಬದಲಾಯಿತು ಎಂದು ಅವನು ತನ್ನದೇ ಪ್ರಶ್ನೆಯೊಂದನ್ನು ತನ್ನದೇ ಮಾತಿನಲ್ಲಿ ಬರೆದರೆ, ತಿಳಿದ ಸಮಿತಿ ಅದನ್ನು ಕೈಬಿಡಲಾರದು. ತಿಳಿಯದ ಸಮಿತಿಗಳೂ ಉಂಟು. ಅದಕ್ಕೆ ಅರ್ಜಿದಾರ ಹೊಣೆಯಲ್ಲ.

ಇನ್ನು ಬಿಡುವಿನ ಪ್ರಶ್ನೆ. ನಮ್ಮ ಹವ್ಯಾಸಿ ರಂಗಭೂಮಿಯನ್ನು ಕಟ್ಟಿದವರಲ್ಲಿ ಬ್ಯಾಂಕಿನ ಗುಮಾಸ್ತರು, ಶಾಲೆಯ ಮೇಷ್ಟ್ರುಗಳು, ವಿಮಾ ಕಚೇರಿಯವರು ಬಹಳ. ಫೆಲೋಶಿಪ್ ಬಂದರೆ ಅವರು ಸಂಬಳವಿಲ್ಲದ ರಜೆ ಹಾಕಬೇಕು. ಬಡ್ತಿ, ಪಿಂಚಣಿಯ ಲೆಕ್ಕ ಹಾಕಬೇಕು. ಮನೆಯಲ್ಲಿ ಒಪ್ಪಿಗೆ ಪಡೆಯಬೇಕು. ಅರ್ಜಿಯಲ್ಲಿ ಕಾಣದ ಈ ಒಪ್ಪಿಗೆಯೇ ಎಲ್ಲಕ್ಕಿಂತ ಕಷ್ಟದ್ದು. ಕರಾವಳಿಯ ಯಕ್ಷಗಾನದವರ ಪಾಡು ಮತ್ತೊಂದು. ನವೆಂಬರಿನಿಂದ ಮೇ ತಿಂಗಳವರೆಗೆ ಮೇಳದ ತಿರುಗಾಟ. ಇರುಳೆಲ್ಲ ಕುಣಿದು ಹಗಲು ನಿದ್ದೆ. ನಡುವಯಸ್ಸಿನ ವೇಷಧಾರಿ ಎರಡು ವರ್ಷ ಗೆಜ್ಜೆ ಬಿಚ್ಚಿಟ್ಟರೆ ಅವನ ವೇಷಕ್ಕೆ ಇನ್ನೊಬ್ಬ ಬಂದಿರುತ್ತಾನೆ. ಆದ್ದರಿಂದ ಅವನು ಯೋಚಿಸಿ, ಓದಿ, ಬರೆಯಲು ಉಳಿಯುವುದು ಮಳೆಗಾಲ ಒಂದೇ. ಪತ್ತನಾಜೆಯಂದು ಗೆಜ್ಜೆ ಬಿಚ್ಚಿದ ಮೇಲೆ ಆರಂಭವಾಗಿ, ಮತ್ತೆ ಗೆಜ್ಜೆ ಕಟ್ಟುವ ದಿನ ನಿಂತು, ಮುಂದಿನ ಮಳೆಗೆ ಮುಂದುವರಿಯುವ ಫೆಲೋಶಿಪ್ಪೊಂದನ್ನು, ನಾಲ್ಕು ಮಳೆಗಾಲಕ್ಕೆ ಹಂಚಿ, ಯಾವುದಾದರೊಂದು ಅಕಾಡೆಮಿ ಏರ್ಪಡಿಸಿದರೆ ಅದರ ಅರ್ಜಿಯನ್ನು ಕುಂದಾಪುರ, ಪುತ್ತೂರು, ಹೊನ್ನಾವರಗಳ ಮೇಳದವರು ತಾವೇ ಬರೆದಾರು.