ಹುಲ್ಲಿಗೆ ನೀರು, ಊರಿಗೆ ರೈಲು

2016ರ ಏಪ್ರಿಲ್ 12ರ ನಸುಕಿನಲ್ಲಿ ಲಾತೂರಿಗೆ ಒಂದು ರೈಲು ಬಂತು. ಅದರ ಹತ್ತು ವ್ಯಾಗನ್‌ಗಳಲ್ಲಿ ಮೀರಜ್‌ನಿಂದ ತುಂಬಿಸಿ ತಂದ 5 ಲಕ್ಷ ಲೀಟರ್ ನೀರಿತ್ತು. ಮರುದಿನವೇ ಬಾಂಬೆ ಹೈಕೋರ್ಟ್, ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ಮಹಾರಾಷ್ಟ್ರದ ಹೊರಗೆ ಆಡಿಸಿ ಎಂದು ಆದೇಶಿಸಿತು. ಮೈದಾನಗಳನ್ನು ಸಿದ್ಧವಾಗಿಡಲು ಸುಮಾರು 60 ಲಕ್ಷ ಲೀಟರ್ ನೀರು ಬೇಕು ಎಂಬುದು ಅರ್ಜಿದಾರರ ಲೆಕ್ಕವಾಗಿತ್ತು. ಅಂದರೆ ಲಾತೂರಿಗೆ ಬಂದ ಆ ಮೊದಲ ರೈಲಿನಂಥ ಹನ್ನೆರಡು ರೈಲುಗಳು.

ಸಂಸ್ಕರಿಸಿದ ನೀರನ್ನೇ ಬಳಸುತ್ತೇವೆ ಎಂದು ಬಿಸಿಸಿಐ ಹೇಳಿ ನೋಡಿತು, ನ್ಯಾಯಾಲಯ ಜಗ್ಗಲಿಲ್ಲ. ಮೇ 1ರ ಪುಣೆ ಪಂದ್ಯಕ್ಕೆ ಮಾತ್ರ ವಿನಾಯಿತಿ ಸಿಕ್ಕಿತು.

ಅಷ್ಟು ನೀರಿಲ್ಲದಿದ್ದರೆ ಹುಲ್ಲು ಸಾಯುತ್ತಿತ್ತೇ? ನಮ್ಮ ಬಹುತೇಕ ಮೈದಾನಗಳಲ್ಲಿ ಹಾಸಿರುವ ಬರ್ಮುಡಾ ಹುಲ್ಲು ಬೇರೇನಲ್ಲ, ಗಣಪತಿಗೆ ಏರಿಸುವ ಗರಿಕೆಯ ಬಳಗವೇ. ನೀರು ತಪ್ಪಿದರೆ ಅದು ಎಲೆಗಳನ್ನು ಒಣಗಲು ಬಿಟ್ಟು, ಮಣ್ಣೊಳಗಿನ ಕಾಂಡದಲ್ಲಿ ಜೀವ ಹಿಡಿದುಕೊಂಡಿರುತ್ತದೆ. ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಕಂದಾದ ಗರಿಕೆ ಹೆಚ್ಚಿನ ಸಲ ಸತ್ತಿರುವುದಿಲ್ಲ, ಮಲಗಿರುತ್ತದೆ.

ಅದನ್ನು ಎಬ್ಬಿಸುವ ಕ್ರಮವೂ ಸರಳ. ದಿನಾ ಮೇಲುಮೇಲೆ ಚಿಮುಕಿಸುವ ಬದಲು ನಾಲ್ಕೈದು ದಿನಕ್ಕೊಮ್ಮೆ, ಬೆಳಗಿನ ಹೊತ್ತು, ಬೇರಿಗೆ ಇಳಿಯುವಷ್ಟು ನೀರು ಕೊಡಬೇಕು. ಗೊಬ್ಬರ ಹಾಕುವುದು ಚಿಗುರು ಕಂಡ ಮೇಲೆ. ಒಣ ಮಣ್ಣಿಗೆ ಯೂರಿಯಾ ಎರಚಿದರೆ ಹುಲ್ಲು ಸುಟ್ಟುಹೋಗುತ್ತದೆ.

ಆದರೆ ಐಪಿಎಲ್ ನಡೆಯುವುದು ಏಪ್ರಿಲ್, ಮೇ ತಿಂಗಳಲ್ಲಿ, ಗರಿಕೆ ಮಲಗಬಯಸುವ ಕಾಲದಲ್ಲಿ. ಬೂಟಿನಡಿ ಸಿಕ್ಕಿ ನಲುಗಿದ ಹುಲ್ಲು ಮುಂದಿನ ಪಂದ್ಯದೊಳಗೆ ಮತ್ತೆ ಬೆಳೆಯಬೇಕು. ಪಿಚ್‌ನ ಜೇಡಿಮಣ್ಣನ್ನು ನೆನೆಸಿ ರೋಲರ್ ಹಾಯಿಸಬೇಕು. ನೀರು ಬೇಕಾಗಿದ್ದದ್ದು ಹುಲ್ಲಿನ ಜೀವಕ್ಕಲ್ಲ, ಆಟಕ್ಕೆ.

ಇನ್ನೊಂದು ಲೆಕ್ಕವೂ ಇದೆ. ಒಂದು ಎಕರೆ ಕಬ್ಬು ಬೆಳೆ ಮುಗಿಯುವಷ್ಟರಲ್ಲಿ ಸುಮಾರು 60 ಲಕ್ಷದಿಂದ 1 ಕೋಟಿ ಲೀಟರ್ ನೀರು ಕುಡಿಯುತ್ತದೆ. ಮೂರು ನಗರಗಳ ಮೈದಾನಗಳ ನೀರೆಲ್ಲ ಒಂದೆಕರೆ ಕಬ್ಬಿಗೆ ಸಮ. ಬರದ ಮರಾಠವಾಡದಲ್ಲಿಯೇ ಸಾವಿರಾರು ಎಕರೆ ಕಬ್ಬಿತ್ತು. ಪಂದ್ಯ ಓಡಿಸಿದರೆ ಬರ ನೀಗುವುದಿಲ್ಲ ಎಂದು ಟೀಕಿಸಿದವರ ಮಾತಿನಲ್ಲಿ ಹುರುಳಿತ್ತು.

ಆದರೂ ಆ ಆದೇಶ ವ್ಯರ್ಥವಲ್ಲ. ಕಬ್ಬಿನ ಗದ್ದೆಯ ಹಿಂದೆ ರೈತನ ಸಾಲವಿದೆ, ಕಾರ್ಖಾನೆಯ ಕೂಲಿಯಿದೆ. ಅದನ್ನು ಒಂದೇ ದಿನದಲ್ಲಿ ನಿಲ್ಲಿಸಲಾಗದು. ಆಟವನ್ನು ನಿಲ್ಲಿಸಬಹುದು. ಕುಡಿಯುವ ನೀರಿನ ಸರದಿ ಮೊದಲು, ಮನರಂಜನೆಯದು ಕೊನೆಗೆ ಎಂಬುದನ್ನು ನ್ಯಾಯಾಲಯ ಎಲ್ಲರಿಗೂ ಕಾಣುವಂತೆ ಹೇಳಿತು.

ಮುಂಬೈಯಲ್ಲಿ ನಡೆಯಬೇಕಿದ್ದ ಫೈನಲ್ ಮೇ 29ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆಯಿತು. ಹೈದರಾಬಾದ್ ಎದುರು ಬೆಂಗಳೂರು 8 ರನ್‌ಗಳಿಂದ ಸೋತದ್ದು ಎಲ್ಲರಿಗೂ ನೆನಪಿದೆ. ಆ ವರ್ಷ ಕರ್ನಾಟಕದಲ್ಲೂ ಬರವಿತ್ತು ಎಂಬುದು ಅಷ್ಟಾಗಿ ನೆನಪಿಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರೇ ಟ್ಯಾಂಕರ್‌ಗಾಗಿ ಕಾದು ನಿಂತಾಗ, ಅದೇ ಮೈದಾನದ ಹುಲ್ಲಿಗೆ ಕಬ್ಬನ್ ಪಾರ್ಕಿನ ಘಟಕದಲ್ಲಿ ಸಂಸ್ಕರಿಸಿದ ನೀರು ಹರಿಯಿತು. ಅಂಥ ನೀರಿನಲ್ಲಿ ಸಾರಜನಕ, ರಂಜಕಗಳೂ ಉಳಿದಿರುವುದರಿಂದ ಹುಲ್ಲಿಗೆ ಅದೇ ಅರ್ಧ ಗೊಬ್ಬರ. ಊರಿನ ಕೊಡ ತುಂಬಿದ ಮೇಲೆ ಚರಂಡಿ ಸೇರಿದ ನೀರು ಸಾಕು, ಗರಿಕೆಗೆ.