ಲುಪ್ತಾಕ್ಷರ ಮತ್ತು ಲುಪ್ತವರ್ಣ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದರು. ಲಿಪಿಕಾರ ಚಪಡನು ಬ್ರಾಹ್ಮೀ ಪಾಠದ ಕೊನೆಗೆ ತನ್ನ ವೃತ್ತಿನಾಮವನ್ನು ಖರೋಷ್ಠಿಯಲ್ಲಿ ಬರೆದಿರುವನು. ಬಳೆಗಾರರು ಕೂರುತ್ತಿದ್ದ ಜಟಿಂಗ ರಾಮೇಶ್ವರದ ಬಂಡೆಯಲ್ಲಿ ಪಾಠವು ಬಹಳ ಸವೆದಿದೆ. ಅಲ್ಲಿಯ ಲುಪ್ತಾಕ್ಷರಗಳನ್ನು ವಿದ್ವಾಂಸರು ಉಳಿದೆರಡು ಪಾಠಗಳ ನೆರವಿನಿಂದ ಪೂರಣ ಮಾಡಿರುವರು, ಆದರೆ ಕಾಗದದ ಮೇಲೆ, ಕಂಸಗಳೊಳಗೆ, ಬಂಡೆಯ ಮೇಲಲ್ಲ. ಕಾಗದದ ಪೂರಣ ತಪ್ಪಾದರೆ ಮುಂದಿನವರು ತಿದ್ದಬಹುದು.

ಮೂಡಬಿದಿರೆಯ ಧವಲಾದಿ ತಾಡಪತ್ರಗಳಲ್ಲಿರುವ 12ನೆಯ ಶತಮಾನದ ವರ್ಣಚಿತ್ರಗಳಿಗೂ ಇದೇ ನ್ಯಾಯ ಸಲ್ಲಬೇಕು. ಓಲೆಯನ್ನು ಕೀಟ, ತೇವಗಳಿಂದ ಕಾಯುವುದು ರಕ್ಷಣೆ; ಮಾಸಿದ ಮುಖಕ್ಕೆ ಹೊಸ ಬಣ್ಣ ತುಂಬುವುದು, ಭಕ್ತಿಯಿಂದಲೇ ಆದರೂ, ಪ್ರಕ್ಷೇಪ. ಗ್ರಂಥಪಾಠದಲ್ಲಿ ಪ್ರಕ್ಷೇಪವನ್ನು ಸಹಿಸದ ನಾವು ಚಿತ್ರದಲ್ಲಿ ಅದನ್ನೇ ಜೀರ್ಣೋದ್ಧಾರವೆಂದು ಮೆಚ್ಚುವುದು ಯುಕ್ತವಲ್ಲ.