ಹಾಲು ಕರೆದ ಕೈಗೆ ಪಾಸ್‌ಬುಕ್ಕು

1905ರಲ್ಲಿ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಸಂಗತಿಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಪತ್ತು ಸಿಗಬೇಕಾದರೆ ಪಹಣಿ ಬೇಕು. ಪಹಣಿ ಇದ್ದದ್ದು ಬಹುಪಾಲು ಗಂಡಸರ ಹೆಸರಿನಲ್ಲಿ. ಹೀಗಾಗಿ ಹೊಲದಲ್ಲಿ ಕಳೆ ಕಿತ್ತವಳು ಬಹುಕಾಲ ಸಂಘದ ಮೆಟ್ಟಿಲು ಹತ್ತಲಿಲ್ಲ.

ಈ ಕಟ್ಟು ಸಡಿಲವಾದದ್ದು ಹಾಲಿನಿಂದ. 1986-87ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಟೆಪ್’ ಯೋಜನೆಯಡಿ ನಮ್ಮ ರಾಜ್ಯದಲ್ಲೂ ಮಹಿಳಾ ಹಾಲು ಉತ್ಪಾದಕರ ಸಂಘಗಳು ಹುಟ್ಟಿದವು. ಸದಸ್ಯತ್ವವೂ ಆಡಳಿತ ಮಂಡಳಿಯೂ ಹೆಂಗಸರದೇ. ತುಂಡು ಜಮೀನಿಲ್ಲದಿದ್ದರೂ ಕೊಟ್ಟಿಗೆಯಲ್ಲಿ ಹಸುವಿದ್ದರೆ ಷೇರು ಸಿಕ್ಕಿತು. ಹಾಲಿನ ಬಟವಾಡೆ ಅವಳ ಹೆಸರಿಗೇ ಬಂತು.

1992ರಲ್ಲಿ ನಬಾರ್ಡ್ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸತೊಡಗಿತು. ಅಡವಿನ ಬದಲು ಗುಂಪಿನ ಉಳಿತಾಯವನ್ನೂ ಒಗ್ಗಟ್ಟನ್ನೂ ನಂಬಿ ಸಾಲ ಸಿಕ್ಕಿತು. 2000ದಲ್ಲಿ ರಾಜ್ಯದ ಸ್ತ್ರೀಶಕ್ತಿ ಯೋಜನೆ ಬಂತು. 2005ರ ಕೇಂದ್ರ ಕಾಯ್ದೆ ತಿದ್ದುಪಡಿ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು.

ಇಷ್ಟಾದರೂ ‘ಪಾಸ್‌ಬುಕ್ಕು ಅವಳದು, ದುಡ್ಡು ಎಣಿಸೋನು ಗಂಡ’ ಅನ್ನೋ ಮಾತು ಊರಲ್ಲಿ ಪೂರ್ತಿ ಹೋಗಿಲ್ಲ. ಸರ್ವ ಸದಸ್ಯರ ಸಭೆಗೆ ಸದಸ್ಯೆಯೇ ಬರಬೇಕು, ಜಮಾ-ಖರ್ಚು ಕೇಳಬೇಕು, ಕೈ ಎತ್ತಬೇಕು. ಅವರ ಬದಲು ಮನೆಯ ಗಂಡಸರು ಬಂದು ಕೂರುವುದನ್ನು ಈ ಬೆಳ್ಳಿಹಬ್ಬದ ವರ್ಷದಿಂದಲಾದರೂ ನಾವು ಬಿಡೋಣ.